ಅಜ್ಜಿಯ ಅಕ್ಷರದ ಮೇಲೆ ನನ್ನ ಲೇಬಲ್

ನೀವು ಯಾವತ್ತಾದರೂ ಹೇರ್ ಡ್ರೈಯರ್ ಹಿಡಿದು ಪುಸ್ತಕಕ್ಕೆ ಬಿಸಿಗಾಳಿ ಹಾಕಿದ್ದೀರಾ?

ನಾನು ಹಾಕಿದ್ದೇನೆ. ಹೋದ ವಾರ ಬುಧವಾರ, ಬೆಳಿಗ್ಗೆ ಒಂಬತ್ತು ಗಂಟೆಗೆ. ಊಟದ ಮೇಜಿನ ಮೇಲೆ ಹನ್ನೊಂದು ಮಕ್ಕಳ ಪುಸ್ತಕ, ನನ್ನ ಕೈಯಲ್ಲಿ ಡ್ರೈಯರ್. ಎ.ಸಿ. ಜೋರಾಗಿಯೇ ಓಡುತ್ತಿತ್ತು, ಆದರೂ ಕುತ್ತಿಗೆಯೆಲ್ಲ ಬೆವರು. ಯಾಕೆಂದರೆ ಆ ಹನ್ನೊಂದು ಪುಸ್ತಕಗಳ ಮೊದಲ ಪುಟದಲ್ಲಿ ಒಬ್ಬ ಅಜ್ಜಿಯ ಕೈಬರಹ ಇತ್ತು. ಅದರ ಮೇಲೆ ನಾನೇ ಕೂತು, ಸ್ಕೇಲ್ ಇಟ್ಟು ಅಳೆದು, ನೀಟಾಗಿ ನನ್ನ ಮಗಳ ಹೆಸರಿನ ಲೇಬಲ್ ಅಂಟಿಸಿದ್ದೆ. ಮರುದಿನ ಆ ಪುಸ್ತಕಗಳು ವಿಮಾನ ಹತ್ತಬೇಕಿತ್ತು.

ಮೊದಲಿಂದ ಹೇಳುತ್ತೇನೆ.

ನಾವಿರುವುದು ದೋಹಾದ ಪಕ್ಕದ ಅಲ್ ವುಕೈರ್‌ನಲ್ಲಿ, ಮೂರನೇ ಮಹಡಿಯ ಫ್ಲಾಟಿನಲ್ಲಿ. ನಮ್ಮ ತಲೆಯ ಮೇಲೆ, ನಾಲ್ಕನೇ ಮಹಡಿಯಲ್ಲಿ, ಲೂಸಿಯಾ ಎಂಬಾಕೆ ಇದ್ದಳು. ಹುಟ್ಟಿ ಬೆಳೆದದ್ದು ಅಮೆರಿಕದಲ್ಲಿ, ಅಪ್ಪ ಅಮ್ಮ ಮೆಕ್ಸಿಕೋದಿಂದ ಹೋದವರು. ಗಂಡನ ಕೆಲಸಕ್ಕಾಗಿ ದೋಹಾಕ್ಕೆ ಬಂದದ್ದು. ಒಬ್ಬಳೇ ಮಗಳು, ಇಸಬೆಲ್, ಒಂಬತ್ತು ವರ್ಷ. ನನ್ನ ಮಗಳು ಸಾನ್ವಿಗೆ ಎಂಟು. ಇಬ್ಬರೂ ಸಂಜೆ ಕೆಳಗೆ ಸೈಕಲ್ ಹೊಡೆಯುವ ಜೊತೆಗಾರ್ತಿಯರು.

ಲೂಸಿಯಾ ಒಮ್ಮೆ ಲಿಫ್ಟಿನಲ್ಲಿ ಹೇಳಿದ್ದಳು, ‘ಅಮೆರಿಕದಲ್ಲಿ ನಮ್ಮನ್ನು ಲ್ಯಾಟಿನೋ ಅಂತಾರೆ. ಅಮ್ಮನ ಊರಿಗೆ ಹೋದರೆ ಅಮೆರಿಕದವಳು ಬಂದಳು ಅಂತಾರೆ. ಇಲ್ಲಿ ಟ್ಯಾಕ್ಸಿಯವರೆಲ್ಲ ಫಿಲಿಪ್ಪೀನ್ಸಾ ಅಂತ ಕೇಳ್ತಾರೆ.’

‘ನಾನು ಮಂಗಳೂರು ಅಂದರೆ ಎಲ್ಲರೂ “ಓ, ಕೇರಳ!” ಅಂತಾರೆ’ ಎಂದೆ.

ಮೂರನೇ ಮಹಡಿ ಬಂದರೂ ನಗು ನಿಲ್ಲಲಿಲ್ಲ. ಸ್ನೇಹ ಶುರುವಾದದ್ದು ಹಾಗೆ.

ಇಲ್ಲಿ ಒಬ್ಬರು ದೇಶ ಬಿಟ್ಟು ಹೊರಟರೆ ಅವರ ಮನೆ ಇಡೀ ಬಿಲ್ಡಿಂಗಿಗೆ ಹಂಚಿಹೋಗುತ್ತದೆ. ಬಿಲ್ಡಿಂಗಿನ ವಾಟ್ಸಾಪ್ ಗ್ರೂಪಿನಲ್ಲಿ ಫೋಟೋಗಳು ಬೀಳುತ್ತವೆ: ಸೋಫಾ, ಮಿಕ್ಸಿ, ಕನ್ನಡಿ, ಮೀನಿನ ತೊಟ್ಟಿ. ನಮ್ಮ ಮನೆಯ ಇಸ್ತ್ರಿ ಮೇಜು ಈಜಿಪ್ಟಿನವರದ್ದು. ರೈಸ್ ಕುಕ್ಕರ್ ಅಲ್ ಖೋರ್‌ಗೆ ಮನೆ ಬದಲಾಯಿಸಿದ ಒಬ್ಬ ನರ್ಸಿನದ್ದು. ಹಾಲ್‌ನ ಪರದೆ ಯಾರದ್ದೆಂದು ಈಗ ನನಗೇ ಮರೆತಿದೆ. (ನಮ್ಮ ಸಾಮಾನು ಮುಂದೆ ಯಾರ ಮನೆ ಸೇರುತ್ತದೋ ಎಂದು ಆಗಾಗ ಯೋಚನೆ ಬರುತ್ತದೆ. ಬಂದ ಕೂಡಲೇ ಒಲೆಯ ಮೇಲೆ ಏನಾದರೂ ಇಡುತ್ತೇನೆ.)

ಲೂಸಿಯಾಳ ಮನೆಯವರೂ ಅಮೆರಿಕಕ್ಕೆ ವಾಪಸು ಹೊರಟಿದ್ದರು. ಶುಕ್ರವಾರ ಅವಳ ಗಂಡ ಒಂದು ಕಾರ್ಟನ್ ತಂದು ಬಾಗಿಲಲ್ಲಿ ಇಟ್ಟ. ‘ಸಾನ್ವಿಗೆ’ ಎಂದ. ಒಳಗೆ ಹನ್ನೊಂದು ಪುಸ್ತಕ. ಬಣ್ಣಬಣ್ಣದ ಚಿತ್ರಗಳು. ಇಂಗ್ಲಿಷ್ ಕಥೆ, ನಡುನಡುವೆ ಸ್ಪ್ಯಾನಿಷ್ ಮಾತು. ಎಲ್ಲ ಅವರ ಕಡೆಯ ಮಕ್ಕಳ ಕಥೆಗಳೇ. ಒಂದರಲ್ಲಿ ಟೀಚರಿಗೆ ತನ್ನ ಹೆಸರು ಉಚ್ಚರಿಸಲು ಬಾರದ್ದಕ್ಕೆ ಅಳುವ ಹುಡುಗಿ. ಇನ್ನೊಂದರಲ್ಲಿ ಇಂಗ್ಲಿಷ್ ಬಾರದ ಅಜ್ಜಿಯನ್ನು ಶಾಲೆಗೆ ಕರೆದೊಯ್ಯಲು ನಾಚುವ ಹುಡುಗ. ಮತ್ತೊಂದರಲ್ಲಿ ಕ್ರಿಸ್‌ಮಸ್‌ಗೆ ಅತ್ತೆ, ಚಿಕ್ಕಮ್ಮಂದಿರೆಲ್ಲ ಮೇಜಿನ ಸುತ್ತ ಕೂತು ತಮಾಲೆ ಮಾಡುವುದು. ಜೋಳದ ಹಿಟ್ಟನ್ನು ಜೋಳದ ಸಿಪ್ಪೆಯಲ್ಲಿ ಕಟ್ಟಿ ಹಬೆಯಲ್ಲಿ ಬೇಯಿಸುವುದಂತೆ.

ಸಾನ್ವಿ ಆ ಪುಟದಲ್ಲಿ ಬೆರಳಿಟ್ಟಳು. ‘ಅಮ್ಮ, ಇದು ಮೂಡೆ ಅಲ್ವಾ?’

(ನಮ್ಮ ಮನೆಯ ಮಾತು ತುಳು. ನಿಮಗಾಗಿ ಕನ್ನಡ ಮಾಡಿ ಬರೆಯುತ್ತಿದ್ದೇನೆ. ಅವಳ ತುಳುವಿನಲ್ಲಿ ಅರ್ಧ ಇಂಗ್ಲಿಷ್ ಎನ್ನುವುದನ್ನೂ ಮುಚ್ಚಿಡುತ್ತಿದ್ದೇನೆ.)

‘ಹೌದು, ಮೂಡೆಯ ಹಾಗೆಯೇ. ನಾವು ಅಷ್ಟಮಿಗೆ ಇಡ್ಲಿ ಹಿಟ್ಟನ್ನು ಕೇದಗೆ ಎಲೆಯಲ್ಲಿ ಕಟ್ತೇವಲ್ಲ, ಅವರು ಜೋಳದ ಸಿಪ್ಪೆಯಲ್ಲಿ.’

‘ನಮ್ಮ ಮೂಡೆ ಯಾವ ಬುಕ್ಕಲ್ಲಿ ಉಂಟು?’

ನಾನು ಈರುಳ್ಳಿ ಹೆಚ್ಚಲು ಹೋದೆ. ಅಂಥ ಪ್ರಶ್ನೆಗೆ ಈರುಳ್ಳಿಯೇ ಸೈ.

ಶನಿವಾರ ಬೈಂಡಿಂಗ್. ಇದು ನನ್ನ ವಿಷಯ, ಇದರಲ್ಲಿ ನನ್ನನ್ನು ಮೀರಿಸುವವರು ಈ ಬಿಲ್ಡಿಂಗಿನಲ್ಲಿ ಇಲ್ಲ. ಮನೆಗೆ ಬಂದ ಯಾವ ಪುಸ್ತಕವೂ ಬತ್ತಲೆ ಇರಬಾರದು. ಕಂದು ಕಾಗದದ ರೋಲು, ಕತ್ತರಿ, ಸ್ಕೇಲು. ಹೊರಗೆ ಒಂದು ಲೇಬಲ್. ಹೊರಗಿನ ಕಾಗದ ಹರಿದರೆ ಇರಲಿ ಎಂದು ಒಳಗೆ ಮೊದಲ ಪುಟದಲ್ಲಿ ಇನ್ನೊಂದು. ಹೀಗೆ ನನ್ನ ಅಪ್ಪ ಕಲಿಸಿದ್ದು.

ಮೊದಲ ಪುಟ ತೆರೆದರೆ ಎಲ್ಲದರಲ್ಲೂ ನೀಲಿ ಇಂಕಿನ ಬರಹ. ಸ್ಪ್ಯಾನಿಷ್. ಮೇಲೆ ಇಸಬೆಲ್ ಎಂಬ ಹೆಸರಷ್ಟೇ ನನಗೆ ಅರ್ಥವಾದದ್ದು.

ಈಗ ನನ್ನ ಕೈ ಏನು ಮಾಡಿತು ಎನ್ನುವುದನ್ನು ಅರ್ಥಮಾಡಿಕೊಳ್ಳಲು ನೀವು ನಮ್ಮ ಕಾಲದ ಶಾಲೆಗೆ ಹೋಗಿರಬೇಕು. ಜೂನ್‌ನಲ್ಲಿ ಪಾಠಪುಸ್ತಕ ಬರುತ್ತಿದ್ದದ್ದು ಮೇಲಿನ ಕ್ಲಾಸಿಗೆ ಹೋದ ಅಕ್ಕಂದಿರಿಂದ. ತಂದ ಕೂಡಲೇ ಮೊದಲ ಕೆಲಸ ಏನು? ಅವರ ಹೆಸರಿನ ಮೇಲೆ ನಮ್ಮ ಲೇಬಲ್ ಹಚ್ಚುವುದು. ಹಳೆಯ ಹೆಸರು ಒಂದಕ್ಷರವೂ ಇಣುಕಬಾರದು. ಇಣುಕಿದರೆ ಹಿಂದಿನ ಬೆಂಚಿನಿಂದ ಯಾರಾದರೂ ಕೂಗುತ್ತಿದ್ದರು, ‘ಏ, ನಿಂದು ವನಿತಕ್ಕನ ಪುಸ್ತಕ!’ ಆ ಕೂಗಿಗೆ ಹೆದರಿ ನಾನು ಅಂಟಿನ ಡಬ್ಬಿ ಖಾಲಿ ಮಾಡಿದ್ದೇನೆ.

ಸಾನ್ವಿಗೆ ಆ ಕೂಗು ಬೇಡ ಎಂದುಕೊಂಡೆ. ಅಷ್ಟೇ. ನೀಲಿ ಬರಹ ಎಲ್ಲಿದೆಯೋ ಅಲ್ಲಿಗೇ ಸರಿಯಾಗಿ ಲೇಬಲ್ ಹಚ್ಚಿದೆ. ಬರಹ ಉದ್ದವಿದ್ದ ಐದು ಪುಸ್ತಕಗಳಲ್ಲಿ ಮೇಲೊಂದು, ಕೆಳಗೊಂದು. ಎ.ಸಿ. ಗಾಳಿಗೆ ಸ್ಟಿಕರಿನ ಅಂಚು ಏಳುತ್ತದಲ್ಲ, ಅದಕ್ಕೆ ಆ ಐದಕ್ಕೂ ಬಿಳಿ ಅಂಟು ಸವರಿದೆ. ಮುತ್ತಿನಂಥ ಇಂಗ್ಲಿಷ್ ಅಕ್ಷರದಲ್ಲಿ ತುಂಬಿಸಿದೆ. ಹೆಸರು: ಸಾನ್ವಿ. ಕ್ಲಾಸ್: ಮೂರು. ಸೆಕ್ಷನ್: ಬಿ. ನಾಲ್ಕನೇ ಗೆರೆ, ಸಬ್ಜೆಕ್ಟ್.

ಖಾಲಿ ಬಿಡಲು ಮನಸ್ಸಾಗಲಿಲ್ಲ. ‘ಇಂಗ್ಲಿಷ್’ ಎಂದು ಬರೆದೆ.

ಮಂಗಳವಾರ ಸಂಜೆ ಲೂಸಿಯಾಳ ಮೆಸೇಜ್ ಬಂತು. ದೊಡ್ಡ ತಪ್ಪಾಗಿದೆ, ಕಾರ್ಟನ್ ಅದಲುಬದಲಾಗಿದೆ. ಸಾನ್ವಿಗೆಂದು ಇಟ್ಟ ಪಜಲ್‌ಗಳ ಡಬ್ಬ ಹಡಗಿನ ಸಾಮಾನಿನ ಜೊತೆ ಅಮೆರಿಕಕ್ಕೆ ಹೊರಟಿದೆ. ನಿಮ್ಮಲ್ಲಿಗೆ ಬಂದದ್ದು ಇಸಬೆಲ್‌ಳ ಪುಸ್ತಕಗಳು. ಅವಳ ಅಬುಎಲಾ, ಅಂದರೆ ಅಜ್ಜಿ, ಪ್ರತಿ ಹುಟ್ಟುಹಬ್ಬಕ್ಕೆ, ಕೆಲವು ಕ್ರಿಸ್‌ಮಸ್‌ಗೆ, ಒಂದೊಂದರಲ್ಲಿ ಬರೆದು ಕಳಿಸಿದ್ದು. ಹೋದ ವರ್ಷ ಸ್ಟ್ರೋಕ್ ಆದ ಮೇಲೆ ನನ್ನ ಅಮ್ಮನಿಗೆ ಬಲಗೈ ಎತ್ತಲಾಗುವುದಿಲ್ಲ, ಇನ್ನು ಬರೆಯಲಾರಳು. ನಾವು ಗುರುವಾರ ಹೊರಡುತ್ತೇವೆ. ನಾಳೆ ಬಂದು ತೆಗೆದುಕೊಳ್ಳಲೇ? ಸಾನ್ವಿಗೆ ನನ್ನ ಪರವಾಗಿ ಸಾರಿ ಹೇಳು.

ಅವಳು ನನಗೆ ಸಾರಿ ಹೇಳುತ್ತಿದ್ದಾಳೆ! ಫೋನ್ ಮಗುಚಿ ಇಟ್ಟೆ. ಮತ್ತೆ ತೆಗೆದು, ‘ನೀನು ಬರುವುದು ಬೇಡ, ನಾನೇ ನಾಳೆ ಸಂಜೆ ತರುತ್ತೇನೆ’ ಎಂದು ಕಳಿಸಿದೆ. ಜೊತೆಗೊಂದು ನಗುವ ಮುಖ. ಆ ಮುಖ ಹಾಕಿದ ಬೆರಳನ್ನು ಕತ್ತರಿಸಬೇಕು ಅನ್ನಿಸಿತು.

ಇವರು ಆಫೀಸಿನಿಂದ ಬಂದರು. ಕಥೆ ಕೇಳಿ ಚಾ ಲೋಟ ಕೆಳಗಿಟ್ಟರು.

‘ಹನ್ನೊಂದಕ್ಕೂ ಹಚ್ಚಿದ್ದಾ?’

‘ಹನ್ನೊಂದಕ್ಕೂ.’

‘ಒಂದನ್ನೂ ಬಿಡ್ಲಿಲ್ವಾ ಮಾರಾಯ್ತಿ? ನಿನ್ನ ಈ ಲೇಬಲಿನ ಮರುಳು! ನಾಳೆ ನನ್ನ ಬೆನ್ನಿಗೂ ಒಂದು ಹಚ್ಚಿಬಿಡು, ಆಫೀಸಲ್ಲಿ ಕಳೆದುಹೋಗುದು ಬೇಡ.’

‘ತಮಾಷೆ ಮಾಡ್ಬೇಡಿ. ಎಂತ ಮಾಡುದು ಹೇಳಿ.’

‘ಎಂತ ಮಾಡುದು? ಮೇಲೆ ಹೋಗಿ ಹೀಗಾಯ್ತು ಅಂತ ಹೇಳು. ಖಲಾಸ್.’

ಗಂಡಸರಿಗೆ ಎಲ್ಲವೂ ಖಲಾಸ್. ನನಗೆ ಹಾಗಲ್ಲ. ಹೇಳದೆಯೇ ಮುಗಿಸಬಹುದೇ ಎಂದು ನನ್ನ ಲೆಕ್ಕ. ಲೇಬಲ್ ಏಳಿಸಿಬಿಟ್ಟರೆ ಯಾರಿಗೆ ಗೊತ್ತಾಗಬೇಕು? ಹಾಗಾಗಿ ಬುಧವಾರ, ಸಾನ್ವಿಯ ಬಸ್ಸು ಹೋದ ಮೇಲೆ, ಆ ಹೇರ್ ಡ್ರೈಯರ್.

ಹೊರಗಿನ ಕಂದು ಕಾಗದವನ್ನೆಲ್ಲ ಬಿಚ್ಚಿದೆ. ಮೊದಲ ಪುಸ್ತಕ. ಎರಡು ನಿಮಿಷ ಬಿಸಿ. ಉಗುರಿನಿಂದ ಅಂಚು ಎತ್ತಿದೆ. ಎದ್ದಿತು! ಅಡಿಯಲ್ಲಿ ನೀಲಿ ಅಕ್ಷರ ಒಂಚೂರೂ ಮಾಸದೆ ಇತ್ತು. ದೇವರೇ ಎಂದೆ. ಎರಡನೆಯದು, ಮೂರನೆಯದು. ಆರು ಪುಸ್ತಕ ಮುಗಿದಾಗ ಹನ್ನೊಂದು ಗಂಟೆ. ಒಂದು ಚಾ ಕುಡಿದೆ. ಯಾರಿಗೂ ಹೇಳುವುದೇ ಬೇಡ ಎಂದು ಆಗ ಗಟ್ಟಿ ನಿರ್ಧರಿಸಿದೆ. (ನಿರ್ಧಾರಗಳನ್ನು ಚಾ ಕುಡಿಯುವಾಗ ಮಾಡಬಾರದು.)

ಏಳನೆಯದು ಅಂಟು ಸವರಿದ್ದು. ಕಾರ್ಟನ್ನಿನ ಎಲ್ಲಕ್ಕಿಂತ ಹಳೆಯ ಪುಸ್ತಕ, ಮೂಲೆಗಳು ಮಗುವೊಂದು ಕಚ್ಚಿದ ಹಾಗೆ ನೆಗ್ಗಿದ್ದವು. ಬಿಸಿ ಹಾಕಿದೆ, ಕಾದೆ, ಇನ್ನಷ್ಟು ಹಾಕಿದೆ. ಮೇಲಿನ ಲೇಬಲ್ ಹೇಗೋ ಬಂತು. ಕೆಳಗಿನದು ಅರ್ಧಕ್ಕೆ ಬಂದು ಹಟ ಹಿಡಿಯಿತು. ಎಳೆದೆ.

ಬಂತು. ಪುಟದ ಚರ್ಮವನ್ನೂ ಕಿತ್ತುಕೊಂಡು ಬಂತು.

ಲೇಬಲ್ ತಿರುಗಿಸಿ ನೋಡಿದರೆ ಅದರ ಬೆನ್ನಿಗೆ ಅಂಟಿನಲ್ಲಿ ಕರಗಿದ ನೀಲಿ. ಎರಡು ಗೆರೆಯೋ ಮೂರು ಗೆರೆಯೋ. ಓದಲು ಏನೂ ಉಳಿದಿರಲಿಲ್ಲ. ಪುಟದಲ್ಲಿ ಬಿಳಿಯ ಗಾಯ.

ಡ್ರೈಯರ್ ಆರಿಸಿದೆ. ಇನ್ನು ನಾಲ್ಕು ಬಾಕಿ, ನಾಲ್ಕಕ್ಕೂ ಅದೇ ಅಂಟು. ಮುಟ್ಟುವ ಧೈರ್ಯ ಬರಲಿಲ್ಲ. ಏನೇನು ಸುಳ್ಳು ಹೇಳಬಹುದೆಂದು ಕೂತಲ್ಲೇ ಯೋಚಿಸಿದೆ. ಮೊದಲೇ ಹರಿದಿತ್ತು ಎನ್ನಲೇ? ನೀರು ಬಿತ್ತು ಎನ್ನಲೇ? ಐವತ್ತರ ಹತ್ತಿರ ಬಂದ ಹೆಂಗಸು, ದಿನಾ ಮಗಳಿಗೆ ಸುಳ್ಳು ಹೇಳಬೇಡ ಎನ್ನುವವಳು. ಅನ್ನಕ್ಕೆ ನೀರಿಡುವುದನ್ನೂ ಮರೆತಿದ್ದೆ.

ಎರಡು ಗಂಟೆಗೆ ಸಾನ್ವಿ ಬಂದಳು. ಮೇಜು ನೋಡಿದಳು.

‘ನನ್ನ ಹೆಸರು ಯಾಕೆ ತೆಗೆದದ್ದು?’

‘ಇದು ನಿನ್ನದಲ್ಲ ಮಗಾ. ಇಸಬೆಲ್‌ಳದ್ದು. ತಪ್ಪಿ ಬಂದದ್ದು.’

‘ಆದ್ರೆ ಲೇಬಲಲ್ಲಿ ನನ್ನ ನೇಮ್ ಉಂಟಲ್ಲ?’

ಲೇಬಲ್ ಹಚ್ಚಿದರೆ ನಮ್ಮದಾಗುತ್ತದೆ ಎಂದು ಅವಳಿಗೆ ಕಲಿಸಿದ್ದು ಯಾರು?

ನಾಲ್ಕು ಗಂಟೆಗೆ ಇಬ್ಬರೂ ಪುಸ್ತಕ ಹೊತ್ತು ಮೇಲೆ ಹೋದೆವು. ಲೂಸಿಯಾಳ ಹಾಲ್ ಖಾಲಿ. ಪರದೆಯಿಲ್ಲದ ಕಿಟಕಿಯಿಂದ ಬಿಸಿಲು ನೇರ ನೆಲಕ್ಕೆ. ಸೂಟ್‌ಕೇಸುಗಳ ನಡುವೆ ತೂಕದ ಯಂತ್ರ, ಅದರ ಮೇಲೆ ಇಸಬೆಲ್ ಒಂದು ಕಾಲಲ್ಲಿ ನಿಂತು ತನ್ನನ್ನೇ ತೂಗುತ್ತಿದ್ದಳು.

‘ಲೂಸಿಯಾ, ಒಂದು ವಿಷಯ’ ಎಂದೆ. ಲಿಫ್ಟಿನಲ್ಲಿ ಸಿದ್ಧ ಮಾಡಿಕೊಂಡ ಇಂಗ್ಲಿಷ್ ಎಲ್ಲ ಹಾರಿಹೋಗಿತ್ತು. ಸುಮ್ಮನೆ ಹರಿದ ಪುಸ್ತಕ ತೆರೆದು ಕೈಗೆ ಕೊಟ್ಟೆ. ಆಮೇಲೆ ಲೇಬಲ್ ಇದ್ದ ನಾಲ್ಕು. ವನಿತಕ್ಕನ ಕಥೆಯನ್ನೂ ಹೇಳಿದೆ. ಹೇಳುವಾಗಲೇ ಅದು ಎಷ್ಟು ಪೆದ್ದು ಎಂದು ನನಗೆ ಕೇಳಿಸುತ್ತಿತ್ತು.

ಲೂಸಿಯಾ ಸೂಟ್‌ಕೇಸಿನ ಮೇಲೆ ಕುಳಿತಳು. ಗಾಯವಾದ ಪುಟದ ಮೇಲೆ ಹೆಬ್ಬೆರಳು ಆಡಿಸಿದಳು.

‘ಇದು ಮೊದಲನೆಯದು’ ಎಂದಳು. ‘ಇಸಬೆಲ್‌ಗೆ ಒಂದು ವರ್ಷ ಆದಾಗಿನದು.’

‘ಏನು ಬರೆದಿತ್ತು?’

‘ಮೇಲಿನದು ಇಲ್ಲಿದೆ. ಕೆಳಗೆ...’ ಅವಳು ಕಣ್ಣು ಮುಚ್ಚಿದಳು. ತೆರೆದಳು. ‘ಒಮ್ಮೆ ಓದಿದ್ದೆ ಶೋಭಾ. ಪುಸ್ತಕದಲ್ಲಿ ಇದೆಯಲ್ಲ ಅಂತ ನೆನಪಿಟ್ಟುಕೊಳ್ಳಲಿಲ್ಲ.’

ಅಷ್ಟರಲ್ಲಿ ಇಸಬೆಲ್ ಬಂದು ಲೇಬಲ್ ಇದ್ದ ಪುಸ್ತಕ ಎತ್ತಿಕೊಂಡಳು. ‘ಸಬ್ಜೆಕ್ಟ್ ಇಂಗ್ಲಿಷ್?’ ಎಂದು ಜೋರಾಗಿ ಓದಿ ಸಾನ್ವಿಯನ್ನು ನೋಡಿದಳು. ‘ಇದು ತಮಾಲೆಯ ಬುಕ್. ಇದರಲ್ಲಿ ಹೋಮ್‌ವರ್ಕ್ ಇಲ್ಲ.’

ಸಾನ್ವಿ ನನ್ನನ್ನು ತೋರಿಸಿದಳು. ‘ಅಮ್ಮ ಬರೆದದ್ದು.’ (ಇಂಥ ಹೊತ್ತಿನಲ್ಲಿ ಮಕ್ಕಳು ಯಾರ ಕಡೆಗೂ ಅಲ್ಲ.)

ಇಸಬೆಲ್ ಆ ಒಂದೇ ಪುಟವನ್ನು ಎತ್ತಿ, ಕಿಟಕಿಯ ಬಿಸಿಲಿಗೆ ಹಿಡಿದಳು. ನಮ್ಮ ಈ ಬಿಸಿಲನ್ನು ದಿನಾ ಬೈಯುವವಳು ನಾನು. ಕಾಗದದ ಹಿಂದಿನಿಂದ ಅದು ನುಗ್ಗಿದಾಗ ಲೇಬಲಿನ ಒಳಗೆ ನೆರಳಿನಂತೆ ಅಕ್ಷರಗಳು ಎದ್ದವು. ‘ಸಾನ್ವಿ’ ಎಂಬುದರ ಕಾಲಡಿಯಲ್ಲಿ, ‘ಮೂರು ಬಿ’ಯ ಸಂದಿಯಲ್ಲಿ, ಒಬ್ಬ ಅಜ್ಜಿಯ ಓರೆಯಾದ ಬರಹ. ಇಸಬೆಲ್ ಸರಸರನೆ ಓದಿದಳು. ಓದಿದಳೋ, ಬಾಯಿಪಾಠ ಒಪ್ಪಿಸಿದಳೋ? ಅವಳ ಕಣ್ಣು ಪುಟದ ಮೇಲೆ ಇರಲೇ ಇಲ್ಲ.

ಲೂಸಿಯಾ ಅರ್ಥ ಹೇಳಿದಳು. ‘ಇಸಬೆಲ್, ಈ ಪುಸ್ತಕದವರು ತಮಾಲೆಗೆ ಒಣದ್ರಾಕ್ಷಿ ಹಾಕುತ್ತಾರೆ. ನಾವು ಹಾಕುವುದಿಲ್ಲ. ನಿನ್ನ ಅಮ್ಮ ಮರೆತರೂ ನೀನು ಮರೆಯಬೇಡ.’

ನನಗೆ ನಗು ಬಂತು. ‘ಇನ್ನೊಂದರಲ್ಲಿ?’

ಇಸಬೆಲ್ ಮುಂದಿನದನ್ನು ಬಿಸಿಲಿಗೆ ಹಿಡಿದು ಓದಿದಳು, ಲೂಸಿಯಾ ಮತ್ತೆ ಅರ್ಥ ಹೇಳಿದಳು. ‘ಈ ಚಿತ್ರದ ಅಜ್ಜಿ ತುಂಬ ದಪ್ಪ ಇದ್ದಾಳೆ, ಯಾವಾಗಲೂ ನಗುತ್ತಾಳೆ. ನಾನು ಹಾಗಿಲ್ಲ. ನೀನು ಹಲ್ಲುಜ್ಜದಿದ್ದರೆ ನಾನು ನಗುವುದಿಲ್ಲ.’

ಉಳಿದವನ್ನೂ ಒಂದೊಂದಾಗಿ ಓದಿಸಿದೆ. ಓದಲು ಸಿಕ್ಕ ಎಲ್ಲದರಲ್ಲೂ ಆ ಅಜ್ಜಿ ಇದೇ ಕೆಲಸ ಮಾಡಿದ್ದಾಳೆ. ಅಚ್ಚಾದ ಕಥೆ ಹೇಳುತ್ತದೆ: ನಮ್ಮ ಜನ ಹೀಗೆ, ನಮ್ಮ ಹಬ್ಬ ಹೀಗೆ. ಅಜ್ಜಿ ಮೊದಲ ಪುಟದಲ್ಲಿ ಪೆನ್ನು ಹಿಡಿದು ತಿದ್ದುತ್ತಾಳೆ: ಇರಬಹುದು, ಆದರೆ ನಮ್ಮ ಮನೆಯಲ್ಲಿ ಹೀಗೆ. ಇಸಬೆಲ್ ಹುಟ್ಟಿದ್ದು ಒಂದು ದೇಶದಲ್ಲಿ, ಬೆಳೆದದ್ದು ಇನ್ನೊಂದರಲ್ಲಿ, ಅಜ್ಜಿಯ ಊರು ಮೂರನೆಯದು. ಅವಳಿಗೆ ತಾನು ಯಾರ ಪೈಕಿ ಎನ್ನುವುದರಲ್ಲಿ ಒಂದಿಷ್ಟೂ ಅನುಮಾನ ಇರಲಿಲ್ಲ. ತಾನು ಒಣದ್ರಾಕ್ಷಿ ಹಾಕದವರ ಪೈಕಿ.

‘ಉಳಿದ ಲೇಬಲ್ ಕೀಳಬೇಡ’ ಎಂದಳು ಲೂಸಿಯಾ. ‘ಹೀಗೇ ಓದುತ್ತೇವೆ. ಮೊದಲನೆಯದರಲ್ಲಿ ಏನಿತ್ತು ಅಂತ ಅಮ್ಮನನ್ನೇ ಕೇಳುತ್ತೇನೆ. ನೆನಪಿದ್ದರೆ ಹೇಳುತ್ತಾಳೆ, ನಾನು ಬರೆಯುತ್ತೇನೆ. ನಿನಗೂ ತಿಳಿಸುತ್ತೇನೆ.’

ನೆನಪಿದ್ದರೆ. ಆ ಮಾತನ್ನು ಅವಳು ಮೆಲ್ಲಗೆ ಹೇಳಿದಳು.

ಹೊರಡುವಾಗ ಸಾನ್ವಿ ಧೈರ್ಯ ಮಾಡಿ ಕೇಳಿದಳು, ‘ಇಸಬೆಲ್, ಈ ತಮಾಲೆ ಬುಕ್ ನಂಗೆ ಕೊಡ್ತೀಯಾ?’

‘ಇಲ್ಲ’ ಎಂದಳು ಇಸಬೆಲ್. ಪುಸ್ತಕವನ್ನು ಎದೆಗೆ ಒತ್ತಿಕೊಂಡಳು. ಆಮೇಲೆ ಇಬ್ಬರೂ ಸೈಕಲ್ ಹೊಡೆಯಲು ಕೆಳಗೆ ಓಡಿದರು.

ಗುರುವಾರ ಅವರು ಹೋದರು. ಶನಿವಾರ ನಾನು ಮೆಸೇಜ್ ಕಳಿಸಿದೆ, ‘ತಲುಪಿದಿರಾ? ಅಮ್ಮ ಹೇಗಿದ್ದಾರೆ?’ ಮೊದಲ ಪುಸ್ತಕದ ಸುದ್ದಿ ಎತ್ತಲಿಲ್ಲ, ಆದರೆ ಕೇಳಿದ್ದು ಅದನ್ನೇ ಎಂದು ಅವಳಿಗೂ ಗೊತ್ತು. ನೀಲಿ ಟಿಕ್ ಬಿದ್ದಿದೆ. ಇವತ್ತಿಗೆ ನಾಲ್ಕು ದಿನ. ಉತ್ತರ ಬಂದಿಲ್ಲ. ದಣಿವು ಇರಬಹುದು, ಸಾಮಾನು ಬಿಡಿಸುವ ಗಡಿಬಿಡಿ ಇರಬಹುದು. ಅಲ್ಲಿ ಈಗ ಎಷ್ಟು ಗಂಟೆ ಎಂದು ಲೆಕ್ಕ ಹಾಕಿ ಹಾಕಿ ನನ್ನ ಸಾಂಬಾರು ಎರಡು ಸಲ ತಳ ಹಿಡಿಯಿತು. ಮೇಲಿನ ಫ್ಲಾಟಿನಲ್ಲಿ ಯಾರೋ ಡ್ರಿಲ್ ಹೊಡೆಯುತ್ತಿದ್ದಾರೆ, ಹೊಸಬರಿಗೆ ಪರದೆಯ ಕಂಬಿ ಇರಬೇಕು.

ನಿನ್ನೆ ಸಾನ್ವಿಯ ಕಪಾಟು ಒರೆಸುತ್ತಿದ್ದೆ. ಎಲ್ಲ ಪುಸ್ತಕಗಳೂ ಕಂದು ಅಂಗಿ ತೊಟ್ಟು ಸಾಲಾಗಿ ನಿಂತಿದ್ದವು. ಪ್ರತಿಯೊಂದರಲ್ಲೂ ನನ್ನ ಕೈಬರಹ. ಹೊರಗೊಂದು, ಒಳಗೊಂದು. ಹೆಸರು, ಕ್ಲಾಸ್, ಸೆಕ್ಷನ್, ಸಬ್ಜೆಕ್ಟ್. ಎಂಟು ವರ್ಷದಲ್ಲಿ ನನ್ನ ಮಗಳಿಗೆ ನಾನು ಬರೆದುಕೊಟ್ಟದ್ದು ಇಷ್ಟೇನಾ? ಮೂಡೆಯ ಪುಸ್ತಕ ಇಲ್ಲದಿದ್ದರೆ ಹೋಗಲಿ, ಮೂಡೆಯ ಹಿಟ್ಟು ನಮ್ಮ ಮನೆಯಲ್ಲಿ ಹೇಗೆ ಹುಳಿಯಬೇಕು ಎಂದು ಬರೆಯಲು ಒಂದು ಖಾಲಿ ಪುಟ ಇರಲಿಲ್ಲವೇ?

ಕೂಡಲೇ ಮುಲ್ಕಿಗೆ ಫೋನ್ ಮಾಡಿದೆ. ನನ್ನ ಅಮ್ಮನಿಗೆ ಎಪ್ಪತ್ತನಾಲ್ಕು. ಅಕ್ಷರ ಇವತ್ತಿಗೂ ದುಂಡಗೆ, ಹಾಲಿನ ಡೈರಿಯ ನೋಟಿಸ್ ಬೋರ್ಡನ್ನು ಅವಳ ಕೈಯಲ್ಲೇ ಬರೆಸುತ್ತಾರೆ.

‘ಅಮ್ಮ, ಸಾನ್ವಿಗೆ ಅಂತ ಏನಾದ್ರೂ ಬರೆದು ಕಳಿಸು. ಊರಿಂದ ಮುಂದಿನ ವಾರ ಒಬ್ಬರು ಬರುವವರಿದ್ದಾರೆ, ಅವರ ಹತ್ತಿರ ಕೊಡು.’

‘ಎಂತ ಬರೆಯುದು? ಕೆಸುವಿನೆಲೆ ಕಳಿಸ್ತೇನೆ, ಬೇಡ್ವಾ?’

‘ಎಲೆಯೂ ಕಳಿಸು. ಒಂದು ಪುಸ್ತಕದಲ್ಲಿ ಬರೆದೂ ಕಳಿಸು. ನೀನು ಮೂಡೆ ಹೇಗೆ ಕಟ್ಟುದು, ಸಣ್ಣದಿರುವಾಗ ಅಷ್ಟಮಿಗೆ ಎಂತ ಮಾಡ್ತಿದ್ದಿ, ಏನಾದ್ರೂ. ನಿನ್ನ ಕೈಯಲ್ಲೇ ಬರೆಯಬೇಕು.’

ಆ ಕಡೆ ಫ್ಯಾನಿನ ಸದ್ದು. ಅಮ್ಮ ಸೀರೆಯ ಸೆರಗಿನಿಂದ ಕನ್ನಡಕ ಒರೆಸುತ್ತಿರಬೇಕು, ಯೋಚನೆ ಬಂದಾಗ ಅವಳು ಹಾಗೆಯೇ.

‘ಬರೀತೇನೆ, ಅದಕ್ಕೆಂತ’ ಎಂದಳು. ‘ಕನ್ನಡದಲ್ಲಿ ಬರೆದದ್ದನ್ನು ಆ ಮಗು ಓದುದು ಹೇಗೆ?’